ಸೋಡಾ ನೀರು ಕಾಣದ ಸಂದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮ ಓಣಿಯವರೆಲ್ಲ ಹೇಳ್ತಾರೆ. ಹೇಳಲಿ ಬಿಡಿ. ಬಯ್ಯೂಮಿಯಂಥ ಮನುಷ್ಯನ ಪಕ್ಕದ ಶೆಡ್ಡಿನಲ್ಲಿ ಕಾರಿಗೆ ಬಣ್ಣ ಹೊಡೆಯೋ ಕೆಲಸ ಮಾಡಿಕೊಂಡು, ಸಾಲದು ಅಂತ ಅವನ ತಂಗಿಯನ್ನೇ ಕಟ್ಟಿಕೊಂಡು ಇಷ್ಟು ವರ್ಷ ಬಾಳಿದವನಿಗೆ ಕೋಪ ಬರದೆ ಇನ್ನೇನು ಬರಬೇಕು ಹೇಳಿ?

ಬಯ್ಯೂಮಿ ಟಿಂಕರಿಂಗ್ ಉಸ್ತಾ, ಅಂದರೆ ಮೇಸ್ತ್ರಿ. ಅಲೆಕ್ಸಾಂಡ್ರಿಯಾದ ಉಪ್ಪುಗಾಳಿ ತಿಂದು ಉಗುಳಿದ ಹಳೇ ಕಾರುಗಳನ್ನ ಅವನ ಹಾಗೆ ಎಬ್ಬಿಸಿ ನಿಲ್ಲಿಸೋ ಕೈ ನಮ್ಮೂರಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅದರಲ್ಲೂ ಸಂದು ತುಂಬೋ ಕೆಲಸ. ಹಳೇ ಕಾರಿನ ಮೈ ಒಂದೇ ತಗಡಲ್ಲ; ಮೇಲ್ಚಾವಣಿ ಬೇರೆ, ಹಿಂಬದಿ ಪಕ್ಕೆ ಬೇರೆ, ಬಾಗಿಲ ಕೆಳಗಿನ ಪಟ್ಟಿ ಬೇರೆ. ಎರಡು ತಗಡು ಸೇರೋ ಕಡೆ ಒಂದು ಕಾಲುವೆ ಇರುತ್ತೆ. ಅದರೊಳಗೆ ತವರ, ಸೀಸ ಕರಗಿಸಿ ತುಂಬಿ, ಅರ ಹಾಕಿ ನುಣ್ಣಗೆ ಮಾಡಿದರೆ ಅಲ್ಲೊಂದು ಸಂದಿತ್ತು ಅನ್ನೋದೇ ತಿಳಿಯಬಾರದು. ಓಣಿಯ ಮಿಕ್ಕವರು ಅದಕ್ಕೆ ಪುಟ್ಟಿ ಮೆತ್ತಿ ಕೈ ತೊಳೆದುಕೊಳ್ತಾರೆ. ಎರಡು ಮಳೆಗಾಲ ಕಂಡರೆ ಆ ಪುಟ್ಟಿ ಬಿರುಕು ಬಿಡುತ್ತೆ, ಗಿರಾಕಿ ಬಂದು ನನ್ನ ಬಣ್ಣ ಸರಿಯಿಲ್ಲ ಅಂತ ನನ್ನ ಕುತ್ತಿಗೆ ಹಿಡೀತಾನೆ. ಬಯ್ಯೂಮಿ ಮಾತ್ರ ಪುಟ್ಟಿ ಡಬ್ಬವನ್ನ ಶೆಡ್ಡಿನೊಳಗೆ ಬಿಟ್ಟುಕೊಂಡವನಲ್ಲ. ಅವನ ಕೈಯಿಂದ ಬಂದ ಕಾರಿಗೆ ಬಣ್ಣ ಹೊಡೆಯೋದು ಅಂದರೆ ನನಗೆ ಹಬ್ಬ.

ಕೈ ಅಷ್ಟು ಚೆನ್ನಾಗಿ ಮಾತಾಡುತ್ತೆ. ಬಾಯಿ? ಬಾಯಿಗೆ ಬೀಗ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬೆಳಿಗ್ಗೆ ಗಾಡಿಯವನ ಹತ್ತಿರ ನಿಂತುಕೊಂಡೇ ರೊಟ್ಟಿ, ಬೇಯಿಸಿದ ಅವರೆ ತಿನ್ನೋನು, ರಾತ್ರಿಗೂ ಅದನ್ನೇ ಪೊಟ್ಟಣ ಕಟ್ಟಿಸಿಕೊಂಡು ಹೋಗೋನು. ನಮ್ಮ ಮನೆಗೆ ಊಟಕ್ಕೆ ಬಾರೋ ಅಂದರೆ ವಾರಕ್ಕೊಂದು ಸಲ ಬಂದು, ತಲೆ ತಗ್ಗಿಸಿ ಉಂಡು, "ಚೆನ್ನಾಗಿತ್ತು ತಂಗ್ಯಮ್ಮ" ಅಂದು ಎದ್ದು ಹೋಗೋನು. ನನ್ನ ಹೆಂಡತಿ ಎತಿದಾಲ್ ಅವನು ಹೋದಮೇಲೆ ಬಾಗಿಲು ಹಾಕಿ ಮೂಗು ಒರೆಸಿಕೊಳ್ಳೋಳು.

ಅಂಥವನ ಶೆಡ್ಡಿಗೆ ಆ ಚಳಿಗಾಲದ ಮೊದಲ ಬಿರುಗಾಳಿ ಮುಗಿದಮೇಲೆ ಬಹೀಗಾ ಮೇಡಂ ತಮ್ಮ ಕಾರು ತಂದರು. ತಂದರು ಅಂದರೆ ಎಳೆಸಿಕೊಂಡು ತಂದರು. ಅವರ ತಂದೆಯ ಕಾಲದ ಫಿಯಾಟ್ ಸಾವಿರದ ನೂರು. ಗಂಡ ಹೋದಮೇಲೆ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿತ್ತು. ಮೇಡಂ ಹೆಣ್ಣುಮಕ್ಕಳ ಶಾಲೆಯಲ್ಲಿ ಅಡುಗೆ ಪಾಠ ಹೇಳಿ ನಿವೃತ್ತಿಯಾದವರು. ಗಟ್ಟಿ ಹೆಂಗಸು, ನಗು ಜಾಸ್ತಿ, ಕೈಯಲ್ಲಿ ಯಾವಾಗಲೂ ಒಂದು ದೊಡ್ಡ ಚೀಲ.

"ನನ್ನ ಗಂಡ ಇರೋವರೆಗೂ ಪಕ್ಕದ ಸೀಟಲ್ಲೇ ಕೂತೆ," ಅಂದರು. "ಈಗ ಓಡಿಸೋದು ಕಲಿತಿದ್ದೀನಿ. ವಸಂತದ ಹಬ್ಬದ ದಿನ ನಾನೇ ಓಡಿಸಿಕೊಂಡು ಸಮುದ್ರದ ದಂಡೆಗೆ ಹೋಗಬೇಕು. ಆಗುತ್ತಾ ಉಸ್ತಾ?"

ಬಯ್ಯೂಮಿ ಕಾರಿನ ಸುತ್ತ ಒಂದು ಸುತ್ತು ಬಂದ. ಕಣ್ಣು ಮುಚ್ಚಿ, ತೆಳು ಹತ್ತಿ ಬಟ್ಟೆಯ ಮೇಲೆ ಅಂಗೈ ಇಟ್ಟು ಮೇಲ್ಚಾವಣಿಯ ಸಂದನ್ನ ಸವರಿದ. ಬರಿಗೈಗಿಂತ ಬಟ್ಟೆ ಇದ್ದರೆ ಉಬ್ಬುತಗ್ಗು ಚೆನ್ನಾಗಿ ತಿಳಿಯುತ್ತೆ ಅನ್ನೋದು ಅವನಪ್ಪ ಕಲಿಸಿದ ಪಾಠ. ಕಣ್ಣು ಬಿಟ್ಟಾಗ ಮೇಡಂ ಅವನನ್ನೇ ನೋಡ್ತಿದ್ದರು. ಅವನ ಕಿವಿ ಎರಡೂ ಕೆಂಪಾಯ್ತು.

"ಆಗುತ್ತೆ," ಅಂದ. ಅಷ್ಟೇ.

ನಾನು ಆ ಕಿವಿ ನೋಡಿದೆ. ನೋಡಿ, ಓಹೋ ಅಂದುಕೊಂಡೆ.

ಮೊದಲ ಸಂದು ಬಿಚ್ಚಿದ ದಿನ ಮೇಡಂ ನೋಡಬೇಕು ಅಂತ ಬಂದು ಕೂತರು. ಬಯ್ಯೂಮಿ ಬೆಂಕಿ ಹಿಡಿದು ಹಳೇ ತವರ ಇಳಿಸಿದ, ತಂತಿ ಬ್ರಷ್ಷಿನಲ್ಲಿ ತಿಕ್ಕಿ ತಗಡನ್ನ ಬೆಳ್ಳಗೆ ಮಾಡಿದ, ಆಸಿಡ್ ಹಚ್ಚಿದ. ಆಸಿಡ್ ಇಲ್ಲದೆ ತವರ ತಗಡಿಗೆ ಕಚ್ಚೋದೇ ಇಲ್ಲ. ಆದರೆ ಕಚ್ಚಿದಮೇಲೆ ಆ ಆಸಿಡನ್ನ ಅಡುಗೆ ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು ತೆಗೀಲೇಬೇಕು. ಚೂರು ಉಳಿದರೂ ಮೇಲೆ ಹೊಡೆದ ಬಣ್ಣ ತಿಂಗಳೆರಡು ತಿಂಗಳಲ್ಲಿ ಗುಳ್ಳೆ ಏಳುತ್ತೆ. ಅವತ್ತು ನೋಡಿದರೆ ಶೆಡ್ಡಿನಲ್ಲಿ ಸೋಡಾ ಮುಗಿದಿತ್ತು.

"ಸೋಡಾನಾ? ಅಡುಗೆಗೆ ಹಾಕ್ತೀವಲ್ಲ, ಅದೇನಾ?" ಅಂದ ಮೇಡಂ ಚೀಲಕ್ಕೆ ಕೈ ಹಾಕಿ ಒಂದು ಪೊಟ್ಟಣ ತೆಗೆದರು. "ತಗೊಳ್ಳಿ. ಕೇಕಿಗೆ ಅಂತ ತಂದಿದ್ದೆ. ಕೇಕು ನಾಳೆ ಮಾಡಿದರಾಯ್ತು."

ಮಾರನೇ ದಿನ ಕೇಕೂ ಬಂತು, ಇನ್ನೊಂದು ಪೊಟ್ಟಣ ಸೋಡಾನೂ ಬಂತು. ಆಮೇಲೆ ಅದೇ ಪದ್ಧತಿಯಾಗಿ ಹೋಯ್ತು. ಬಯ್ಯೂಮಿ ಸಂದು ಬಿಚ್ಚಿದಾಗೆಲ್ಲ ಮೇಡಂ ಸೋಡಾ ತರೋದು. ಅವನು ಅಂಗಡಿಗೆ ಹೋಗಿ ಒಂದು ಪೊಟ್ಟಣ ತರೋದನ್ನೇ ಬಿಟ್ಟ. ಅವರು ಕೂರೋಕೆ ಅಂತ ಮುರುಕಲು ಕುರ್ಚಿಯ ಕಾಲನ್ನ ತವರದಲ್ಲಿ ಬೆಸೆದಿಟ್ಟ ಮಹಾನುಭಾವ. ಕುರ್ಚಿಗೆ ಸೀಟಿನ ಬಟ್ಟೆ ನನ್ನ ಶೆಡ್ಡಿಂದ ಹೋಯ್ತು, ಕೇಳದೇನೇ.

ಒಂದು ಸಂದಿಗೆ ಒಂದು ದಿನ ಸಾಕು ಅವನಿಗೆ. ಈ ಕಾರಿನ ಒಂದೊಂದು ಸಂದೂ ವಾರಗಟ್ಟಲೆ ಹಿಡೀತು. ತವರದ ಕಡ್ಡಿಯನ್ನ ಬೆಂಕಿಗೆ ತೋರಿಸಿ ಬೆಣ್ಣೆಯಷ್ಟು ಮೆತ್ತಗೆ ಮಾಡಿ ಸಂದಿಗೆ ಒತ್ತೋನು. ಅವನಪ್ಪ ನಿಂಬೆ ಮರದಲ್ಲಿ ಕೆತ್ತಿದ ಮರದ ಚಟ್ಟುಗಕ್ಕೆ ಕುರಿಬಾಲದ ಕೊಬ್ಬು ಸವರಿ, ಮೆತ್ತಗಿನ ತವರವನ್ನ ತಳ್ಳಿ ತಳ್ಳಿ ಹರಡೋನು. ಅರ ಹಾಕೋನು. ಬಟ್ಟೆ ಇಟ್ಟು ಸವರೋನು. "ಇಲ್ಲ, ಇಲ್ಲೊಂದು ಕೂದಲೆಳೆ ತಗ್ಗಿದೆ" ಅಂತ ಮತ್ತೆ ಕರಗಿಸಿ ತೆಗೆಯೋನು! ನಾನು ಹೋಗಿ ಸವರಿದರೆ ಗಾಜು ಸವರಿದ ಹಾಗಿರೋದು.

"ಎಲ್ಲಯ್ಯಾ ತಗ್ಗು?" ಅಂತ ಒಂದು ದಿನ ಕೂಗಾಡಿದೆ. "ತಗ್ಗಿರೋದು ನಿನ್ನ ತಲೆಯಲ್ಲಿ. ಕಾರು ಕೊಡು ಈ ಕಡೆ, ನಾನು ಬಣ್ಣ ಹೊಡೀಬೇಕು. ಹಬ್ಬ ಬಾಗಿಲಿಗೆ ಬಂತು."

"ಹನಫಿ, ಅವಸರ ಮಾಡಬೇಡ," ಅಂದ, ತಲೆ ಎತ್ತದೆ.

ಮೇಡಂ ಕುರ್ಚಿಯಲ್ಲಿ ಕೂತು ಹಸಿಬಟಾಣಿ ಸುಲೀತಿದ್ದರು. ಹೌದು ಸ್ವಾಮಿ, ತಮ್ಮ ಮನೆ ಬಟಾಣಿಯನ್ನ ನಮ್ಮ ಓಣಿಗೆ ತಂದು ಸುಲೀತಿದ್ದರು. "ಉಸ್ತಾ ಹೇಳೋದು ಸರಿ, ಹನಫಿಯವರೇ," ಅಂದರು. "ಅವಸರದಲ್ಲಿ ಮಾಡಿದ್ದು ಅರ್ಧ ಬೆಂದಿರುತ್ತೆ."

ಇವರಿಬ್ಬರ ಮಾತುಕತೆ ಕೇಳಬೇಕಿತ್ತು ನೀವು. ಮೇಡಂ ತಮ್ಮ ಅಕ್ಕನ ಕಥೆ, ಶಾಲೆಯ ಕಥೆ, ಟ್ರಾಮಿನಲ್ಲಿ ಜಗಳವಾಡಿದ ಕಥೆ ಎಲ್ಲ ಹೇಳೋರು.

"ಮನೇಲಿ ಒಬ್ಬಳೇ ಅಂದರೆ ಅಡುಗೆ ಮಾಡೋಕೇ ಬೇಜಾರು ಉಸ್ತಾ. ಒಬ್ಬರಿಗೆ ಅಂತ ಅನ್ನ ಇಟ್ಟರೆ ರುಚಿನೇ ಬರಲ್ಲ. ನಿಮಗೂ ಹಾಗೇ ಅನಿಸುತ್ತಾ?"

ಇಂಥ ಪ್ರಶ್ನೆಗೆ ಕಲ್ಲೂ ಉತ್ತರ ಕೊಡುತ್ತೆ. ಗೋಡೆ ಆಚೆ ನಾನು ಬ್ರಷ್ಷು ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕಾದೆ.

"ಈ ಅರದ ಹಲ್ಲು ಸವೆದಿದೆ ಮೇಡಂ," ಅಂದ ನಮ್ಮ ಬಯ್ಯೂಮಿ. "ಬೇರೆ ತರಬೇಕು."

ತಲೆ ಚಚ್ಚಿಕೊಂಡೆ. ಬಣ್ಣದ ಕೈ ಅನ್ನೋದು ಮರೆತಿತ್ತು. ಮಧ್ಯಾಹ್ನ ಮನೆಗೆ ಹೋದಾಗ ಎತಿದಾಲ್ ನನ್ನ ಹಣೆ ಮೇಲಿನ ಹಸಿರು ನೋಡಿ, "ಇವತ್ತೂ ಏನೂ ಹೇಳಲಿಲ್ವಾ ನಮ್ಮಣ್ಣ?" ಅಂದಳು. ಅವಳಿಗೆ ದಿನಾ ವರದಿ ಒಪ್ಪಿಸಬೇಕಿತ್ತು ನಾನು.

"ಅರದ ಬಗ್ಗೆ ಹೇಳಿದ."

"ಅಯ್ಯೋ ದೇವರೇ! ಕಾರು ಮುಗಿದ ದಿನ ಆಯಮ್ಮ ಹೊರಟು ಹೋಗ್ತಾರೆ ಕಣ್ರೀ. ಆಮೇಲೆ ಯಾವ ನೆಪ ಹೇಳಿ ಅವರ ಮುಖ ನೋಡ್ತಾನೆ ಇವನು? ನೀವಾದರೂ ಹೇಳಬಾರದಾ?"

"ನಾನು ಹೇಳಿದರೆ ಆಯಮ್ಮ ನನ್ನ ಹತ್ತಿರ ಉತ್ತರ ಕೊಡ್ತಾರೆ. ಅವನೇ ಕೇಳಬೇಕು."

"ಅವನು ಕೇಳದೇ ಕಾರು ಹೋಯ್ತೋ, ನಮ್ಮಣ್ಣ ಮಿಕ್ಕ ಜನ್ಮ ಆ ಗಾಡಿಯವನ ಅವರೆ ತಿಂದುಕೊಂಡೇ ಇರ್ತಾನೆ," ಅಂದಳು. ಎಷ್ಟು ಬೈದರೂ ಅವನು ನನ್ನವನೇ ತಾನೆ. ನಾವಿಬ್ಬರೂ ಒಂದೇ ಉಸ್ತಾನ ಕೈಯಲ್ಲಿ ಏಟು ತಿಂದು ಬೆಳೆದವರು.

ಸಂದುಗಳೆಲ್ಲ ಮುಗಿದವು ಅನ್ನೋ ಹೊತ್ತಿಗೆ ಮೇಡಂ ಒಂದು ದಿನ ಬಂದವರು ಬಲಗಡೆ ಬಾಗಿಲ ಕೆಳಗೆ ಬಗ್ಗಿ, "ಉಸ್ತಾ, ಇಲ್ಲೇನೋ ಬಿರುಕು ಬಿಟ್ಟ ಹಾಗಿದೆಯಲ್ಲ?" ಅಂದರು. ನಾನೂ ಹೋಗಿ ಬಗ್ಗಿದೆ. ಆ ಸಂದಿನ ಮೇಲೆ ಹಳೇ ಬಣ್ಣ ಇನ್ನೂ ಹಾಗೇ ಇತ್ತು. ಒಳಗಿನ ಕಾರ್ಖಾನೆಯ ತವರ ಗಟ್ಟಿಯಾಗಿದೆ ಅಂತ ಬಯ್ಯೂಮಿ ಅದನ್ನ ಮುಟ್ಟಿರಲಿಲ್ಲ. ಅದರ ಮೇಲೊಂದು ಹೊಸ ಗೀರು, ಸಣ್ಣದಾಗಿ, ನೆಟ್ಟಗೆ. ಬಿರುಕು ಅಷ್ಟು ನೆಟ್ಟಗೆ ಬರಲ್ಲ. ಯಾರೋ ಓಣಿಯ ಹುಡುಗರು ಕೆರೆದಿರಬೇಕು ಅಂದುಕೊಂಡು ಬಾಯಿಗೆ ಬಂದ ಹಾಗೆ ಅವರನ್ನ ಬೈದೆ. ಮೇಡಂ ಚೀಲದೊಳಗೆ ಏನೋ ಹುಡುಕ್ತಾ ಇದ್ದರು.

"ಬಿಚ್ಚಿ ನೋಡಿಬಿಡೋದು ಒಳ್ಳೇದು," ಅಂದ ಬಯ್ಯೂಮಿ. ಗೀರು ಯಾವುದು, ಬಿರುಕು ಯಾವುದು ಅಂತ ಗೊತ್ತಿಲ್ಲದ ಮನುಷ್ಯನಲ್ಲ ಅವನು. ಆದರೂ ಅಂದ. ಮುಖ ನೋಡಿದರೆ ಜೈಲಿಂದ ಬಿಡುಗಡೆಯಾಗಿ ಬಂದವನ ಮುಖ.

ಸರಿ, ಆ ಸಂದೂ ಬಿಚ್ಚಿದ್ದಾಯ್ತು, ತುಂಬಿದ್ದಾಯ್ತು. ಮೇಡಂ ಸೋಡಾ ಪೊಟ್ಟಣ ತಂದು ಮಾಮೂಲಿ ಜಾಗದಲ್ಲಿ, ಗೋಡೆ ಹಲಗೆಯ ಮೇಲೆ ಇಟ್ಟು ಹೋದರು. ಇದೇ ಕೊನೇ ಸಂದು. ಇನ್ನು ತೋರಿಸೋಕೆ ಕಾರಿನ ಮೈಯಲ್ಲಿ ಜಾಗ ಉಳಿದಿರಲಿಲ್ಲ. ಸಂಜೆ ಬಯ್ಯೂಮಿ ಬಂದು, "ಹನಫಿ, ನಾಳೆ ನೀನು ಪ್ರೈಮರ್ ಹೊಡೀಬಹುದು," ಅಂದ. ಧ್ವನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು.

"ಕೇಳಿದೆಯಾ ಅವರನ್ನ?" ಅಂದೆ.

"ಏನು ಕೇಳೋದು?"

"ನಿನ್ನ ತಲೆ! ಕೇಳಿದೆಯೋ ಇಲ್ವೋ?"

ಅವನು ಜೇಬಿಂದ ಒಂದು ಚೂರು ತವರ ತೆಗೆದು ಬೆರಳಲ್ಲಿ ಉಜ್ಜುತ್ತಾ ಹೊರಟುಹೋದ.

ಮಾರನೇ ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಬಂದಿತ್ತು. ನಾನು ಬೇಗ ಬಂದೆ. ಬಣ್ಣ ಹೊಡೆಯೋ ಮುಂಚೆ ಕಾರಿನ ಮೈಯನ್ನ ಒಂದು ಸಲ ಪೂರ್ತಿ ನೋಡೋದು ನನ್ನ ಅಭ್ಯಾಸ. ಮೇಲ್ಚಾವಣಿ ಸಂದು ಒಣಗಿದೆ, ಹಿಂದಿನ ಪಕ್ಕೆ ಒಣಗಿದೆ, ಎಡಗಡೆ ಒಣಗಿದೆ. ಬಲಗಡೆ ಬಾಗಿಲ ಕೆಳಗೆ ನಾನು ಬಗ್ಗಿ ನೋಡಿದೆ.

ಆ ಸಂದು ಬೆವರ್ತಾ ಇತ್ತು. ಸಣ್ಣ ಸಣ್ಣ ಹನಿ, ತವರದ ಉದ್ದಕ್ಕೂ. ಆಸಿಡ್ ಉಳಿದ ಕಡೆ ಮಾತ್ರ ಹಾಗಾಗೋದು. ಅದು ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತೆ. ಎದ್ದು ಹಲಗೆ ನೋಡಿದೆ. ಸೋಡಾ ಪೊಟ್ಟಣ ಅಲ್ಲೇ ಇತ್ತು. ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ.

ಮರೆತಿದ್ದಾನೆ ಅಂದುಕೊಳ್ಳೋಕೆ ಅವನು ನಿನ್ನೆ ಮೊನ್ನೆ ಕೆಲಸ ಕಲಿತವನಾ? ಊಟ ಮರೆತಾನು, ಸೋಡಾ ಮರೆಯೋನಲ್ಲ.

ಅವನು ಒಳಗೆ ಬರ್ತಿದ್ದ ಹಾಗೇ ಕತ್ತಿನಪಟ್ಟಿ ಹಿಡಿದೆ. "ಏನಿದು?"

ನೋಡಿದ. ಕಿವಿ ಕೆಂಪಾಯ್ತು. "ಬೆವರಿದೆ," ಅಂದ.

"ಬೆವರಿದೆ ಅಂತ ನನಗೂ ಕಾಣುತ್ತೆ ಕಣೋ! ಯಾಕೆ ತೊಳೆದಿಲ್ಲ?"

ನೆಲ ನೋಡಿಕೊಂಡು ಹೇಳಿದ. ನಾನವನ ಜೊತೆ ಕಳೆದ ಇಷ್ಟು ವರ್ಷಗಳಲ್ಲಿ ಒಂದೇ ಉಸಿರಿಗೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. "ಹಳೇ ಪೊಟ್ಟಣದಲ್ಲಿ ಉಳಿದ ಸೋಡಾ ಹಾಕಿ ಒಳಗೆ ಚೆನ್ನಾಗಿ ತೊಳೆದಿದ್ದೀನಿ ಹನಫಿ. ಮೇಲೆ ಮಾತ್ರ ಬಿಟ್ಟಿದ್ದೀನಿ. ತಗಡಿಗೆ ತುಕ್ಕು ಹಿಡಿಯಲ್ಲ, ಕಾರಿಗೆ ಏನೂ ಆಗಲ್ಲ. ಬೇಸಿಗೆ ಹೊತ್ತಿಗೆ ಬಣ್ಣಕ್ಕೆ ಒಂದು ಗುಳ್ಳೆ ಬರುತ್ತೆ, ಅಷ್ಟೇ. ಚಿಕ್ಕದು. ಬಾಗಿಲ ಕೆಳಗೆ, ಯಾರಿಗೂ ಕಾಣಲ್ಲ. ಅವರಿಗೆ ಕಾಣುತ್ತೆ. ಕಾರು ತಗೊಂಡು ಬರ್ತಾರೆ. ನಾನು ತಪ್ಪಾಯ್ತು ಅಂತೀನಿ. ಮತ್ತೆ ಬಿಚ್ಚಿ ತುಂಬ್ತೀನಿ."

ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಹಾಗಾಗಿ ಕೂಗಿದೆ. "ತಗಡಿಗೆ ಏನೂ ಆಗಬಾರದು, ನನ್ನ ಬಣ್ಣಕ್ಕೆ ಗುಳ್ಳೆ ಬರಬಹುದು, ಅಲ್ವಾ? ನಿನ್ನ ತವರ ಚಿನ್ನ, ನನ್ನ ಬಣ್ಣ ಸುಣ್ಣ! ನನ್ನ ಕೈಯಿಂದ ಹೋದ ಒಂದೇ ಒಂದು ಕಾರು ಗುಳ್ಳೆ ಎದ್ದಿದ್ದು ತೋರಿಸು ಈ ಊರಲ್ಲಿ!"

"ಇಲ್ಲ," ಅಂದ. "ಅದಕ್ಕೇ ಕೇಳೋಕೆ ನಾಚಿಕೆಯಾಯ್ತು. ಕೇಳದೇನೇ ಮಾಡಿದೆ."

"ಒಂದು ಮಾತು ಬಾಯಿ ಬಿಟ್ಟು ಅವರನ್ನ ಕೇಳೋಕೆ ಆಗಲ್ಲ, ಗುಳ್ಳೆ ಬರಿಸ್ತೀನಿ ಅಂತೀಯ!"

"ಅವರು ಇಲ್ಲ ಅಂದುಬಿಟ್ಟರೆ?" ಅಂದ ಬಯ್ಯೂಮಿ. "ಆಮೇಲೆ ಬರೋದೇ ಇಲ್ಲ ಅವರು. ಈಗಾದರೆ ಬೇಸಿಗೆಗೆ ಬರ್ತಾರೆ ಅಂತಾದರೂ ಇರುತ್ತೆ."

ಅವನ ಮುಖ ನೋಡೋಕಾಗಲಿಲ್ಲ. "ಹಾಳಾಗಿ ಹೋಗು," ಅಂದು ನೇರ ಮನೆಗೆ ಹೋದೆ.

ಎತಿದಾಲ್‌ಗೆ ಹೇಳಿದೆ. ಮೊದಲು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಳು. ನಗ್ತಾ ನಗ್ತಾನೇ ಅಳೋಕೆ ಶುರು ಮಾಡಿದಳು. ಆಮೇಲೆ ಕಣ್ಣೊರೆಸಿಕೊಂಡು ಸೊಂಟಕ್ಕೆ ಕೈಯಿಟ್ಟು ನಿಂತಳು. ಆ ನಿಲುವು ನೋಡಿದರೆ ನನಗೆ ಈಗಲೂ ಭಯ.

"ಹೊಡೀರಿ ಬಣ್ಣ," ಅಂದಳು.

"ಏನು?"

"ಆ ಆಸಿಡ್ ಮೇಲೇನೇ ಹೊಡೀರಿ. ಒಂದು ಗುಳ್ಳೆ ಬಂದರೆ ನಿಮ್ಮ ಮೀಸೆ ಉದುರಿ ಹೋಗುತ್ತಾ?"

"ಲೇ, ನನ್ನ ಹೆಸರು—"

"ನಿಮ್ಮ ಹೆಸರು ಬಿಸಿ ಅನ್ನ ಹಾಕುತ್ತಾ ನಮ್ಮಣ್ಣನಿಗೆ? ಈ ಕಾರಿಗೆ ಅಷ್ಟು ದಿನದಿಂದ ಪ್ರೀತಿ ಸುರಿದಿದ್ದಾನೆ ಅವನು. ಅವನಿಗೆ ಗೊತ್ತಿರೋ ಭಾಷೆ ಅದೊಂದೇ. ಅದರಲ್ಲೇ ಏನೋ ಹೇಳೋಕೆ ಹೊರಟಿದ್ದಾನೆ. ನೀವು ಅಡ್ಡ ನಿಲ್ಲಬೇಡಿ."

ದಾರಿಯುದ್ದಕ್ಕೂ ಅವಳನ್ನೂ ಅವನನ್ನೂ ಅವರಿಬ್ಬರನ್ನ ಹೆತ್ತ ನಮ್ಮ ಅತ್ತೆ ಮಾವನನ್ನೂ ಬೈದುಕೊಂಡು ವಾಪಸ್ ಬಂದೆ. ಟ್ರಾಮಿನ ಪಕ್ಕದಲ್ಲಿ ಒಬ್ಬ ಗಿರಾಕಿ ನಮಸ್ಕಾರ ಹೇಳಿದ, ಅವನಿಗೂ ಗದರಿದೆ. ನನ್ನ ಬಣ್ಣ ಅಂದರೆ ನನಗೆ ಪ್ರಾಣ. ಮುಖ ನೋಡಿಕೊಳ್ಳೋ ಹಾಗೆ ಹೊಳೀಬೇಕು, ಉಗುರು ಹಾಕಿದರೂ ಏಳಬಾರದು. ಆದರೂ ಆ ಮಾತು ಕಿವಿಯಲ್ಲೇ ಉಳಿದಿತ್ತು: ಬೇಸಿಗೆಗೆ ಬರ್ತಾರೆ ಅಂತಾದರೂ ಇರುತ್ತೆ.

ಶೆಡ್ಡಿಗೆ ಬಂದೆ. ಒಂದು ಮಾತೂ ಆಡದೆ ಪ್ರೈಮರ್ ಕಲಸಿದೆ, ಬಣ್ಣ ಚಿಮ್ಮಿಸೋ ಗನ್ನಿಗೆ ತುಂಬಿದೆ, ಮೂಗಿಗೆ ಬಟ್ಟೆ ಕಟ್ಟಿದೆ. ಬಯ್ಯೂಮಿ ಮೂಲೆಯಲ್ಲಿ ನಿಂಬೆ ಮರದ ಚಟ್ಟುಗ ಹಿಡಿದು ನಿಂತಿದ್ದ. ನಾನು ಬಲಗಡೆ ಬಾಗಿಲ ಮುಂದೆ ಮಂಡಿಯೂರಿ, ಬೆವರಿದ್ದನ್ನ ಬಟ್ಟೆಯಲ್ಲಿ ಒರೆಸಿದೆ. ಬರೀ ಒರೆಸಿದೆ, ತೊಳೀಲಿಲ್ಲ.

"ಹನಫಿ," ಅಂದ ಅವನು.

"ಬಾಯಿ ಮುಚ್ಕೊಂಡಿರು. ಮುಚ್ಕೊಂಡಿರೋದು ನಿನಗೆ ಚೆನ್ನಾಗಿ ಬರುತ್ತಲ್ಲ," ಅಂದು ಗನ್ ಎತ್ತಿದೆ.

"ನಿಲ್ಲಿ ನಿಲ್ಲಿ ನಿಲ್ಲಿ!"

ಬಾಗಿಲಲ್ಲಿ ಬಹೀಗಾ ಮೇಡಂ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಬಸ್ಬೂಸಾ ತಟ್ಟೆ. ಕೊನೇ ದಿನ ಅಂತ ಸಿಹಿ ಮಾಡಿಕೊಂಡು ಬಂದಿದ್ದರು. ತಟ್ಟೆಯನ್ನ ಕುರ್ಚಿ ಮೇಲಿಟ್ಟು, ನೇರ ಹಲಗೆಯ ಹತ್ತಿರ ಹೋಗಿ ಸೋಡಾ ಪೊಟ್ಟಣ ಕೈಗೆ ತಗೊಂಡರು. ದಾರ ಕಟ್ಟಿದ ಹಾಗೇ ಇತ್ತು. ಅದನ್ನ ತಿರುಗಿಸಿ ನೋಡಿದರು, ಬಯ್ಯೂಮಿಯನ್ನ ನೋಡಿದರು, ನನ್ನನ್ನ ನೋಡಿದರು. ಶಾಲೆಯಲ್ಲಿ ಕದ್ದು ತಿಂದ ಹುಡುಗಿಯರನ್ನ ಹೀಗೇ ನೋಡ್ತಿದ್ದರೇನೋ.

"ಉಸ್ತಾ, ಈ ಸಂದು ತೊಳೆದಿಲ್ಲ ನೀವು."

ಬಯ್ಯೂಮಿ ಚಟ್ಟುಗವನ್ನ ಬೆನ್ನ ಹಿಂದೆ ಬಚ್ಚಿಟ್ಟ.

"ತೊಳೀದಿದ್ದರೆ ಗುಳ್ಳೆ ಬರುತ್ತೆ ಅಂತ ಮೊದಲನೇ ದಿನ ನೀವೇ ಹೇಳಿಕೊಟ್ಟಿರಿ. ನೆನಪಿದೆಯಾ?"

"ಇದೆ," ಅಂದ. ನಾನಾಗಿದ್ದರೆ ಭೂಮಿಯೊಳಗೆ ಇಳಿದುಹೋಗ್ತಿದ್ದೆ.

ಮೇಡಂ ಒಲೆ ಮೇಲೆ ಚಹಾಕ್ಕೆ ಅಂತ ಕುದೀತಿದ್ದ ನೀರನ್ನ ತಾವೇ ಬಕೆಟ್ಟಿಗೆ ಸುರಿದರು, ಸೋಡಾ ಹಾಕಿದರು, ತೋಳು ಮಡಚಿಕೊಂಡು ನನ್ನ ಪಕ್ಕದಲ್ಲೇ ನೆಲಕ್ಕೆ ಮಂಡಿಯೂರಿದರು. "ಸ್ವಲ್ಪ ಆ ಕಡೆ ಸರೀರಿ ಹನಫಿಯವರೇ," ಅಂದರು. ಬ್ರಷ್ ಅದ್ದಿ ಸಂದಿನ ಉದ್ದಕ್ಕೂ ತಿಕ್ಕಿದರು. ಆಸಿಡ್ ಇದ್ದ ಕಡೆಯೆಲ್ಲ ಸೋಡಾ ನೀರು ಚುಯ್ ಅಂತ ಬೆಳ್ಳಗೆ ನೊರೆಯೆದ್ದಿತು.

"ಅಬ್ಬಾ, ಎಷ್ಟು ಹಚ್ಚಿದ್ದೀರಿ!" ಅಂದರು ಮೇಡಂ. ಆಮೇಲೆ ತಲೆ ಎತ್ತದೆ, ತಿಕ್ಕುತ್ತಲೇ ಅಂದರು, "ಗುಳ್ಳೆ ಬಂದರೆ ಮಾತ್ರ ನಾನು ಇಲ್ಲಿಗೆ ಬರ್ತೀನಿ ಅಂದುಕೊಂಡಿರಾ? ಬರೋಕೆ ನನಗೆ ಗುಳ್ಳೆ ಬೇಕಾ ಉಸ್ತಾ?"

ಬ್ರಷ್ಷನ್ನ ಮತ್ತೆ ಬಕೆಟ್ಟಿಗೆ ಅದ್ದಿದರು.

"ಇನ್ನೊಂದು ಹೇಳ್ತೀನಿ, ನಗಬೇಡಿ. ಈ ಸಂದಿಗೆ ಏನೂ ಆಗಿರಲಿಲ್ಲ. ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಂದುಗಳೆಲ್ಲ ಮುಗಿದುಹೋದವಲ್ಲ ಅಂತ ಒಂದು ದಿನ ನೀವು ಒಳಗೆ ಹೋಗಿದ್ದಾಗ ಮನೆ ಬೀಗದಕೈಯಿಂದ ನಾನೇ ಗೀರಿದೆ. ನಮ್ಮಪ್ಪನ ಕಾರು. ಅವರಿದ್ದಿದ್ದರೆ ಕೈ ಮುರೀತಿದ್ದರು."

ಓಣಿಯ ಹುಡುಗರನ್ನ ಸುಮ್ಮಸುಮ್ಮನೆ ಬೈದಿದ್ದೆನಲ್ಲ! ಆದರೆ ಅವತ್ತು ಅದೆಲ್ಲ ಯಾರಿಗೆ ಬೇಕು. ನಾನು ಬಯ್ಯೂಮಿಯನ್ನ ನೋಡಿದೆ. ಅವನು ಮೇಡಂ ಬೆನ್ನನ್ನ ನೋಡ್ತಾ ನಿಂತಿದ್ದ. ಕಣ್ಣು ತುಂಬಿತ್ತು. ಬಂದು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಒಣ ಬಟ್ಟೆ ತಗೊಂಡ. ತುಟಿ ಅಲ್ಲಾಡಿತು.

"ತೊಳೆದ ತಕ್ಷಣ ಒರೆಸಬೇಕು ಮೇಡಂ," ಅಂದ. "ನೀರು ನಿಲ್ಲಬಾರದು."

"ಅಯ್ಯೋ ನನ್ನ ಕರ್ಮವೇ!" ಅಂತ ನಾನು ಕಿರುಚಿದೆ. ಗನ್ ಎತ್ತಿ ಅವನ ಕಡೆ ತಿರುಗಿಸಿದೆ. "ಬಾಯಿ ಬಿಡ್ತೀಯೋ, ತಲೆಯಿಂದ ಕಾಲತನಕ ಪ್ರೈಮರ್ ಹೊಡೀಲೋ?"

ಮೇಡಂ ನಕ್ಕುಬಿಟ್ಟರು. ನಕ್ಕು ನಕ್ಕು ಬಕೆಟ್ಟಿನ ಮೇಲೆ ಕೈಯೂರಿದರು. ಆ ನಗು ಕೇಳಿ ಅವನಿಗೆ ಧೈರ್ಯ ಬಂತೋ, ನನ್ನ ಗನ್ನಿಗೆ ಹೆದರಿದನೋ, ಅವನು ಹೇಳಿದ. ಕೈಲಿ ಸಂದು ಒರೆಸ್ತಾನೇ ಹೇಳಿದ.

"ಈ ಶುಕ್ರವಾರ ನಿಮ್ಮ ಮನೆಗೆ ಬರಲಾ ಮೇಡಂ? ನಮ್ಮ ತಂಗಿಯನ್ನೂ ಕರ್ಕೊಂಡು."

ತಂಗಿಯನ್ನ ಕರ್ಕೊಂಡು ಗಂಡಸು ಒಬ್ಬ ಹೆಂಗಸಿನ ಮನೆಗೆ ಶುಕ್ರವಾರ ಯಾಕೆ ಹೋಗ್ತಾನೆ ಅನ್ನೋದು ಇಡೀ ಅಲೆಕ್ಸಾಂಡ್ರಿಯಾಕ್ಕೆ ಗೊತ್ತು. ಮೇಡಂ ನಗು ನಿಲ್ಲಿಸಿದರು. ಬ್ರಷ್ ಕೆಳಗಿಟ್ಟರು. ಒದ್ದೆ ಕೈಯಿಂದಲೇ ತಲೆಬಟ್ಟೆ ಸರಿಮಾಡಿಕೊಂಡರು.

"ಮಧ್ಯಾಹ್ನದ ಊಟಕ್ಕೆ ಬನ್ನಿ," ಅಂದರು. "ನಾನು ಅಕ್ಕನನ್ನ ಕರೆಸಿರ್ತೀನಿ. ಬೇಸಿಗೆತನಕ ಯಾಕೆ ಕಾಯಬೇಕು?"

ನಾನು ಗನ್ ಕೆಳಗಿಟ್ಟು ಹೊರಗೆ ಓಡಿದೆ. ಪ್ರೈಮರಿನ ವಾಸನೆಗೆ ಕಣ್ಣಲ್ಲಿ ನೀರು ಬಂತು ಅಂತ ಎದುರಂಗಡಿಯವನಿಗೆ ಹೇಳಿದೆ. ಇನ್ನೂ ಒಂದು ಹನಿ ಪ್ರೈಮರೂ ಹೊಡೆದಿರಲಿಲ್ಲ ಅನ್ನೋದು ಅವನಿಗೇನು ಗೊತ್ತು. ಅಲ್ಲಿಂದಲೇ ಎತಿದಾಲ್‌ಗೆ ಫೋನ್ ಮಾಡಿದೆ. ಅವಳು ಕಿರುಚಿದ್ದು ಫೋನಿಲ್ಲದೆಯೂ ಕೇಳ್ತಿತ್ತು.

ಕಾರಿಗೆ ಪಿಸ್ತಾ ಹಸಿರು ಹೊಡೆದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಇನ್ಯಾವುದಕ್ಕೂ ಹೊಡೆದಿಲ್ಲ. ಹಬ್ಬದ ದಿನ ಮೇಡಂ ತಾವೇ ಓಡಿಸಿಕೊಂಡು ದಂಡೆಗೆ ಹೋದರು. ಬಯ್ಯೂಮಿ ಪಕ್ಕದ ಸೀಟಲ್ಲಿ ಹಬ್ಬಕ್ಕೆ ಅಂತ ಬಣ್ಣ ಹಚ್ಚಿದ ಮೊಟ್ಟೆಗಳ ಬುಟ್ಟಿ ತೊಡೆ ಮೇಲಿಟ್ಟುಕೊಂಡು, ತಿರುವಿನಲ್ಲೆಲ್ಲ ಬಾಗಿಲು ಗಟ್ಟಿಯಾಗಿ ಹಿಡಿದು ಕೂತಿದ್ದ. ಹಿಂದಿನ ಸೀಟಲ್ಲಿ ನಾನೂ ನನ್ನ ಹೆಂಡತಿಯೂ, ನಮ್ಮ ನಡುವೆ ಉಪ್ಪುಮೀನಿನ ಪಾತ್ರೆ. ಮೇಡಂ ಎರಡು ಸಲ ಫುಟ್‌ಪಾತಿಗೆ ಹತ್ತಿಸಿದರು. ಎರಡು ಸಲವೂ ನಾನು ಉಪ್ಪುಮೀನಿನ ಪಾತ್ರೆ ಅಪ್ಪಿಕೊಂಡೆ.

ಇವತ್ತಿಗೂ ಆ ಬಲಗಡೆ ಸಂದಿನ ಮೇಲೆ ಒಂದು ಗುಳ್ಳೆ ಎದ್ದಿಲ್ಲ. ಬೇಕಾದರೆ ಬಂದು ಬಗ್ಗಿ ನೋಡಿ, ಬಟ್ಟೆ ನಾನೇ ಕೊಡ್ತೀನಿ, ಸವರಿ ನೋಡಿ. ಕಾರಿಗೆ ಯಾವ ರಿಪೇರಿಯೂ ಇಲ್ಲ. ಆದರೂ ದಿನಾ ಮಧ್ಯಾಹ್ನ ನಮ್ಮ ಓಣಿಗೆ ಬಂದು ಶೆಡ್ಡಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತೆ, ಬಯ್ಯೂಮಿಯ ಬಿಸಿ ಊಟ ಹೊತ್ತುಕೊಂಡು.